ಎಡಕ್ಕೆ ಹಳೆಯದು, ಬಲಕ್ಕೆ ಹೊಸದು

ಕ್ಷಮಿಸಿ ಸಾರ್, ಇದನ್ನ ನಿಮ್ಮ ಮುಂದೆ ಹೇಳೋ ಧೈರ್ಯ ಮಾಡ್ತಿದೀನಿ — ಅಲ್ಲ, ಧೈರ್ಯ ಅನ್ನುವ ಮಾತು ಬೇಡ, ಧೈರ್ಯ ಇದ್ದವಳಾಗಿದ್ದರೆ ಮೊನ್ನೆಯೇ ಹೇಳುತ್ತಿದ್ದಳು, ಕ್ಷಮಿಸಿ ಸಾರ್, ಒಂದು ವಿಷಯ ಹೇಳ್ಬೇಕಿತ್ತು, ಅಷ್ಟು ಸಾಕು, ಮಿಕ್ಕಿದ್ದು ತಾನಾಗಿ ಬಾಯಿಗೆ ಬರುತ್ತದೆ, ಬರದಿದ್ದರೆ ಚೀಟಿಯನ್ನು ಮೇಜಿನ ಮೇಲಿಟ್ಟು ನೆಲ ನೋಡುತ್ತ ನಿಂತುಬಿಡುವುದು — ಗೋಡೆಯ ಮೇಲೆ, ಗಡಿಯಾರದ ಪಕ್ಕ, ಒಂದು ಕಪ್ಪು ಚುಕ್ಕೆ, ನಿನ್ನೆ ಅದು ಅಲ್ಲಿತ್ತೇ, ಇರಲಿಲ್ಲ, ಇತ್ತು, ಇನ್ನೂ ಸ್ವಲ್ಪ ಕೆಳಗಿತ್ತು, ನೊಣವಾಗಿದ್ದರೆ ಈಗ ಹಾರಬೇಕು, ಹಾರುತ್ತಿಲ್ಲ, ಮೊಳೆಯ ತೂತಿರಬೇಕು. ಹದಿನಾಲ್ಕು ವರ್ಷ ಇದೇ ಕೆಲಸ ಮಾಡಿದರೆ ಕಣ್ಣು ಹೀಗೇ ಆಗುತ್ತದೆ, ಎಲ್ಲಿ ಏನು ಜರುಗಿದೆ ಅಂತ ಹುಡುಕುವುದೇ ಚಾಳಿ, ಮನೆಯಲ್ಲಿ ಉಪ್ಪಿನ ಡಬ್ಬಿ ಎರಡು ಬೆರಳು ಆಚೆ ಹೋಗಿದ್ದರೂ ಯಾರು ಮುಟ್ಟಿದ್ದು ಅಂತ ಕೇಳುತ್ತಾಳೆ, ಗಂಡ ಕೈ ಎರಡೂ ಮೇಲೆತ್ತಿ, ನಾನಲ್ಲ ತಾಯಿ, ಡಬ್ಬೀನೇ ನಡ್ಕೊಂಡು ಹೋಯ್ತು ಅನ್ನುತ್ತಾನೆ. ಎರಡೂ ಮುಕ್ಕಾಲು. ನಾಲ್ಕಕ್ಕೆ ಫೋನು ಬರುತ್ತದೆ. ಭೂಮಿಯ ಆ ಬದಿಯಲ್ಲಿ ಯಾವುದೋ ಬೆಟ್ಟದ ನೆತ್ತಿಯ ಮೇಲಿರುವ ದೊಡ್ಡ ದೂರದರ್ಶಕದಿಂದ, ಇಲ್ಲಿ ಮಧ್ಯಾಹ್ನ ಇಳಿಯುವಾಗ ಅಲ್ಲಿ ಬೆಳಗಿನ ಜಾವ, ಅಲ್ಲಿ ಕೂತವರು ಈ ಹೊತ್ತಿಗೆ ಅವಳು ಹೇಳಿದ ಜಾಗಕ್ಕೆ ದೂರದರ್ಶಕ ತಿರುಗಿಸುತ್ತಿರಬಹುದು, ಅವಳು ಹೇಳಿದ ಜಾಗ, ಅವಳು, ಸಂಜೆ ಕಾಲೇಜಿನಲ್ಲಿ ಲೆಕ್ಕ ಕಲಿತು ಎರಡು ಸಲ ಫೇಲಾಗಿ ಮೂರನೇ ಸಲ ದಡ ಸೇರಿದವಳು. ಅದಕ್ಕೆ ಮುಂಚೆ ಈ ಕುರ್ಚಿಯಿಂದ ಎದ್ದು, ಪ್ಲೇಟು ಕೋಣೆಯ ಬಾಗಿಲು ದಾಟಿ, ಕಾರಿಡಾರಿನಲ್ಲಿ ಮೂವತ್ತೊಂದು ಹೆಜ್ಜೆ ನಡೆದು ಹೇಳಬೇಕು, ಸಾರ್, ನಾನು ಕೊಟ್ಟ ದಿಕ್ಕು ತಪ್ಪಿರಬಹುದು. ತಪ್ಪಿದೆ ಅಂತಲ್ಲ. ತಪ್ಪಿರಬಹುದು. ಆ ಬಹುದು ಇದೆಯಲ್ಲ, ಮೂರು ದಿನದಿಂದ ಈ ಕುರ್ಚಿಯಿಂದ ಏಳಲು ಬಿಡದಿರುವುದು ಅದೇ.

ಕೆಲಸ ಏನು ಅಂತ ಕೇಳಿದವರಿಗೆ ಹೇಳಿದರೆ, ಅಷ್ಟೇನಾ ಅನ್ನುತ್ತಾರೆ, ಅಷ್ಟೇ. ಆಕಾಶದ ಒಂದೇ ತುಂಡಿನ ಎರಡು ಫೋಟೋ, ಗಾಜಿನ ಪ್ಲೇಟಿನ ಮೇಲೆ ತೆಗೆದದ್ದು, ಒಂದು ಹಳೆಯದು, ಇನ್ನೊಂದು ಅದಾಗಿ ಎಷ್ಟೋ ವರ್ಷದ ಮೇಲೆ ತೆಗೆದದ್ದು, ಎರಡನ್ನೂ ಯಂತ್ರದ ಮೇಲೆ ಅಕ್ಕಪಕ್ಕ ಮಲಗಿಸಿ ಒಂದೇ ಕಂಡಿಯಲ್ಲಿ ಕಣ್ಣಿಟ್ಟು ನೋಡುವುದು, ಒಳಗೆ ಕನ್ನಡಿ ಟಕ್ ಅಂದರೆ ಎಡಗಡೆಯದು, ಟಕ್ ಅಂದರೆ ಬಲಗಡೆಯದು, ಟಕ್, ಟಕ್, ಕಣ್ಣು ಮಿಟುಕಿಸಿದ ಹಾಗೆ, ಅದಕ್ಕೇ ಆ ಯಂತ್ರಕ್ಕೆ ಎಲ್ಲರೂ ಮಿಟುಕಿ ಅನ್ನುತ್ತಾರೆ, ಅವಳಿಗೆ ಗಾಜಕ್ಕ ಅನ್ನುತ್ತಾರೆ. ಪ್ಲೇಟಿನಲ್ಲಿ ಆಕಾಶ ಬೆಳ್ಳಗೆ, ನಕ್ಷತ್ರ ಕಪ್ಪಗೆ, ಮೆಣಸಿನ ಪುಡಿ ಚೆಲ್ಲಿದ ಹಾಗೆ ಸಾವಿರಾರು ಚುಕ್ಕೆ, ಎಷ್ಟು ಮಿಟುಕಿಸಿದರೂ ಎಲ್ಲವೂ ಇದ್ದಲ್ಲೇ ಇರುತ್ತವೆ, ಗಂಟೆಗಟ್ಟಲೆ, ದಿನಗಟ್ಟಲೆ, ಆಮೇಲೆ ಯಾವುದೋ ಒಂದು ಜಿಗಿಯುತ್ತದೆ. ಒಂದೇ ಒಂದು. ಮೊದಲ ಸಲ ಹಾಗೆ ಜಿಗಿದಾಗ ಅವಳು ಕಂಡಿಯಿಂದ ಮುಖ ಕಿತ್ತುಕೊಂಡಿದ್ದಳು, ಯಾರೋ ಒಳಗಿನಿಂದ ತನ್ನನ್ನೇ ನೋಡಿದ ಹಾಗಾಗಿತ್ತು. ಜಿಗಿಯಿತು ಅಂದರೆ ಹತ್ತಿರದ್ದು ಅಂತ ಈ ವೀಕ್ಷಣಾಲಯ ನಡೆಸುವ ಸಾರ್ ಹೇಳಿಕೊಟ್ಟರು, ಸೂರ್ಯನ ಅಕ್ಕಪಕ್ಕದ ಮನೆಯದು, ದೂರದವೂ ಓಡುತ್ತಿರುತ್ತವೆ, ಕಾಣುವುದಿಲ್ಲ ಅಷ್ಟೇ. ಗಂಡನಿಗೆ ಇದನ್ನು ಹೇಳುವುದು ಬಲು ಸುಲಭವಾಯಿತು, ಆಗ ಅವನು ಬಸ್ ಕಂಡಕ್ಟರು, ಗೊತ್ತು ಬಿಡು, ಕಿಟಕಿ ಪಕ್ಕದ ಕಂಬ ಓಡತ್ತೆ, ದೂರದ ಗುಡ್ಡ ಕೂತಿರತ್ತೆ ಅಂದ, ಆಮೇಲೆ, ಸರಿ, ಅದು ಯಾವ ಕಡೆ ಹೋಗ್ತಿದೆ ಅಂತ ಕೇಳಿದ, ಅವನಿಗೆ ಯಾವಾಗಲೂ ಅದೇ ಪ್ರಶ್ನೆ, ಯಾವ ಕಡೆ, ಹತ್ತೋರನ್ನ ಮೊದ್ಲು ಅದನ್ನೇ ಕೇಳ್ಬೇಕು ಕಣೇ, ಟಿಕೆಟ್ಟು ಆಮೇಲೆ. ಯಾವ ಕಡೆ. ಅದಕ್ಕೇ ಇರುವುದು ಆ ನಿಯಮ. ಅವಳಿಗಿಂತ ಮುಂಚೆ ಮಿಟುಕಿಯ ಮುಂದೆ ಇಪ್ಪತ್ತೇಳು ವರ್ಷ ಕೂತು ಬೆನ್ನು ಬಾಗಿಸಿಕೊಂಡು ನಿವೃತ್ತರಾದ ಅಕ್ಕ ಕಲಿಸಿದ್ದು, ಎಡಕ್ಕೆ ಹಳೇದು, ಬಲಕ್ಕೆ ಹೊಸದು, ದೀಪ ಹಾಕೋಕ್ ಮುಂಚೆ ಒಂದೊಂದರ ಮೇಲೂ ಕೈ ಇಟ್ಟು ಬಾಯಿಬಿಟ್ಟು ಹೇಳ್ಬೇಕು, ಹಳೇದು, ಹೊಸದು, ಮನಸ್ಸಲ್ಲಿ ಹೇಳ್ಕೊಂಡಿದ್ದು ಹೇಳಿದ ಹಾಗಲ್ಲ. ಕೋಣೇಲಿ ಯಾರೂ ಇರಲ್ವಲ್ಲ ಅಕ್ಕ, ಯಾರಿಗೆ ಹೇಳೋದು. ಗಾಜಿಗೆ ಹೇಳು, ನಿನ್ನ ಗಂಡನಿಗಿಂತ ಚೆನ್ನಾಗಿ ಕೇಳಿಸ್ಕೊಳ್ಳತ್ತೆ. ಅದಲುಬದಲಾದರೂ ನಕ್ಷತ್ರ ಜಿಗಿಯುವುದೇನೋ ಜಿಗಿಯುತ್ತದೆ, ಏನೂ ವ್ಯತ್ಯಾಸ ಕಾಣುವುದಿಲ್ಲ, ಅದೇ ಮೋಸ, ಅದು ಬಂದ ದಾರಿಯನ್ನು ಹೋಗುವ ದಾರಿ ಅಂತ ಬರೆದುಕೊಂಡುಬಿಡುತ್ತೀಯ, ಆಮೇಲೆ ಜನ್ಮವಿಡೀ ಹುಡುಕು, ಅದು ನಿನ್ನ ಬೆನ್ನ ಹಿಂದೆ ಹೋಗಿರುತ್ತೆ.

ಬೆನ್ನ ಹಿಂದೆ. ಕುತ್ತಿಗೆಯ ಹಿಂಭಾಗ ತಣ್ಣಗಾಗುತ್ತದೆ, ಕಿಟಕಿ ಮುಚ್ಚಿದೆ, ಗಾಳಿಯಲ್ಲ, ಮೂರು ದಿನದಿಂದ ಹೀಗೇ. ಒಂದೂವರೆ ವರ್ಷದ ಹಿಂದಿನ ಆ ದಿನ ಬೆಳಿಗ್ಗೆ ಅವಳು ಹೇಳಿದ್ದಳೇ, ಹಳೇದು, ಹೊಸದು — ಹೇಳಿದ್ದಳು, ಪ್ರತಿದಿನ ಹೇಳುತ್ತಾಳೆ, ಪ್ರತಿದಿನ ಹೇಳುವುದರಿಂದಲೇ ಆ ಒಂದು ದಿನ ಹೇಳಿದ್ದು ನೆನಪಿಲ್ಲ, ಮನೆಗೆ ಬೀಗ ಹಾಕಿದ್ದು ನೆನಪಿರುತ್ತದೆಯೇ ಯಾರಿಗಾದರೂ. ಹತ್ತು ಗಂಟೆಯ ಹೊತ್ತು, ಎರಡು ಪ್ಲೇಟು, ನಡುವೆ ಇಪ್ಪತ್ತೆರಡು ವರ್ಷ, ಎರಡನ್ನೂ ತೆಗೆದವರು ಒಬ್ಬರೇ, ತೀರಿಕೊಂಡ ಹಳೆಯ ಛಾಯಾಗ್ರಾಹಕರು, ದೇವರಂಥ ಮನುಷ್ಯ, ಆದರೆ ಒಂದು ಹಟ, ಪ್ಲೇಟಿನ ಮೂಲೆಯಲ್ಲಿ ತಾರೀಕು ಗೀಚು ಅಂದರೆ ಗೀಚುತ್ತಿರಲಿಲ್ಲ, ಗಾಜಿಗ್ಯಾಕ್ರೀ ಗಾಯ ಮಾಡ್ತೀರಿ ಅನ್ನುತ್ತಿದ್ದರಂತೆ, ಮುತ್ತಿನಂಥ ಅಕ್ಷರದಲ್ಲಿ ತಾರೀಕನ್ನು ಲಕೋಟೆಯ ಮೇಲೆ ಬರೆದು, ಗಾಜನ್ನು ಬರಿದಾಗಿ ಬಿಡುತ್ತಿದ್ದರು. ಬರಿಯ ಗಾಜು, ಹೆಸರಿಲ್ಲ, ದಿನವಿಲ್ಲ. ಎರಡು ಲಕೋಟೆ ಮೇಜಿನ ಮೇಲೆ, ಬಾಯಿ ತೆರೆದುಕೊಂಡು. ಅವಳು ಕಣ್ಣಿಟ್ಟಳು, ಟಕ್, ಟಕ್, ಕೆಳಗಿನ ಸಾಲಿನಿಂದ ಶುರು ಮಾಡಿ ಅರ್ಧಕ್ಕೆ ಬಂದಿರಬೇಕು, ಒಂದು ಚುಕ್ಕೆ, ಮಸುಕು, ಇದೆಯೋ ಇಲ್ಲವೋ ಅನ್ನುವಂಥದ್ದು, ಸಾಸಿವೆ ಕಾಳಿನಷ್ಟು ಅಗಲ ಹಾರಿ ಕೂತಿತು, ಅಷ್ಟು ದೊಡ್ಡ ಜಿಗಿತವನ್ನು ಅವಳು ಕಂಡೇ ಇರಲಿಲ್ಲ, ಅಕ್ಕನೂ ಕಂಡಿರಲಿಕ್ಕಿಲ್ಲ. ತಿರುಪು ತಿರುಗಿಸಿ ಅಳೆದಳು, ಒಂದು ಸಲ, ಎರಡು ಸಲ, ಪುಸ್ತಕದಲ್ಲಿ ಬರೆದಳು, ಪೂರ್ವಕ್ಕೆ ಇಷ್ಟು, ಪೂರ್ವಕ್ಕೆ ಇಷ್ಟು, ಮೂರನೆಯದಕ್ಕೆ ಕೈ ಹಾಕಿದಾಗ ಫೋನು. ನೀವು ಅವರ ಮನೆಯವರಾ, ನಿಮ್ಮ ಯಜಮಾನ್ರು ಬಸ್ಸಿಂದ ಬಿದ್ದಿದಾರೆ, ಆಸ್ಪತ್ರೆಗೆ ಕರ್ಕೊಂಡ್ ಬಂದಿದೀವಿ, ಗಾಬರಿ ಆಗ್ಬೇಡಿ, ಅಮ್ಮಾ, ಕೇಳಿಸ್ತಿದೆಯಾ, ಅಮ್ಮಾ — ರಿಸೀವರು ಮೇಜಿನ ಮೇಲೆ, ಅದರೊಳಗಿಂದ ಅಮ್ಮಾ ಅಮ್ಮಾ ಅಂತ ಸಣ್ಣ ದನಿ, ಅವಳು ಹಾಗೇ ಓಡಿಹೋಗಬೇಕಿತ್ತು, ಪ್ಲೇಟು ಬಿಟ್ಟು ಓಡಿದ್ದರೆ ಇವತ್ತು ಯಾವ ತಾಪತ್ರಯವೂ ಇರುತ್ತಿರಲಿಲ್ಲ, ಆದರೆ ಅವಳು ನಿಯಮದವಳು, ದೀಪದ ಕಾವಿಗೆ ಗಾಜು ಬಿಟ್ಟು ಹೋಗಬಾರದು, ಬಿಟ್ಟು ಹೋದರೆ ಬಿರುಕು ಬಿಡುತ್ತದೆ, ದೀಪ ಆರಿಸಿದಳು, ಒಂದು ಪ್ಲೇಟು ಎತ್ತಿದಳು, ಯಾವ ಕಡೆಯದನ್ನು, ಎರಡು ಲಕೋಟೆ ಬಾಯಿ ತೆರೆದುಕೊಂಡು, ಅವಳ ಕೈ ಗಾಜನ್ನು ಹಿಡಿದು ಅವುಗಳ ಕಡೆಗೆ ಹೋಗುತ್ತಿದೆ — ಅಲ್ಲಿಗೆ ನಿಲ್ಲುತ್ತದೆ. ಅದರಾಚೆಗಿನದು ಇಲ್ಲ. ಅದರಾಚೆ ಆಟೋ, ಆಸ್ಪತ್ರೆಯ ಮೆಟ್ಟಿಲು, ಸ್ಟ್ರೆಚರಿನ ಮೇಲೆ ಮಂಡಿಗೆ ಬಟ್ಟೆ ಸುತ್ತಿಕೊಂಡು ಮಲಗಿ, ಮುಂದಕ್ಕೆ ಹೊರಡತ್ತೆ ಅಂತ ಕಾಲಿಟ್ಟೆ ಕಣೇ, ಹಿಂದಕ್ಕೆ ಬಂತು, ಅಂತ ನಗಲು ನೋಡಿದ ಗಂಡ, ಅವನ ತುಟಿ ಬೆಳ್ಳಗಿತ್ತು, ಹಿಂದಕ್ಕೆ ಬಂತು, ಡ್ರೈವರು ಹಿಂದಕ್ಕೆ ತಗೊಂಡ.

ನಾಲ್ಕು ದಿನ ಬಿಟ್ಟು ಕೆಲಸಕ್ಕೆ ಬಂದಳು, ಅದೇ ಎರಡು ಲಕೋಟೆ ತೆಗೆದಳು, ಈ ಸಲ ಕೈ ಇಟ್ಟು ಗಟ್ಟಿಯಾಗಿಯೇ ಹೇಳಿದಳು, ಹಳೇದು, ಹೊಸದು, ಇದು ಮಾತ್ರ ನೆನಪಿದೆ, ಹೇಳುವಾಗ ದನಿ ಒಡೆದದ್ದು ನೆನಪಿದೆ, ಹತ್ತು ಸಲ ಅಳೆದಳು, ಹತ್ತಕ್ಕೆ ಹತ್ತೂ ಪಶ್ಚಿಮಕ್ಕೆ. ಲೆಕ್ಕ ಕಟ್ಟುವವನು ಬಂದ, ಅವನಿಗೆ ಎಲ್ಲರೂ ಗುಣಾಕಾರ ಅನ್ನುತ್ತಾರೆ, ಬಾಯಲ್ಲೇ ನಾಲ್ಕಂಕಿಯನ್ನು ನಾಲ್ಕಂಕಿಯಿಂದ ಗುಣಿಸಬಲ್ಲ, ಬೂಟಿನ ದಾರ ಮಾತ್ರ ಕಟ್ಟಿಕೊಳ್ಳಲಾರ, ಪುಸ್ತಕದ ಮೇಲೆ ಬೆರಳಾಡಿಸಿ, ಗಾಜಕ್ಕ, ಇವೆರಡು ಯಾಕೆ ಉಲ್ಟಾ ಇವೆ ಅಂದ. ಅವಳು ನೋಡಿದಳು. ಪೂರ್ವಕ್ಕೆ, ಪೂರ್ವಕ್ಕೆ. ಅವು ಆವತ್ತು ಆತುರದಲ್ಲಿ ತೆಗೆದಿದ್ದು, ಬಿಟ್ಬಿಡಿ ಅಂದಳು. ಎರಡು ಹೋದ್ರೆ ಹತ್ತು ಇವೆ, ಹತ್ತರ ಮುಂದೆ ಎರಡರದ್ದೇನು ಅಂತ ಅವನು ಗೆರೆ ಎಳೆದ, ಅಡಿಪಟ್ಟಿ ಇಟ್ಟುಕೊಂಡು ನೆಟ್ಟಗೆ ಎಳೆದ. ಆತುರದಲ್ಲಿ. ಆ ಎರಡನ್ನು ಬರೆದಾಗ ಆತುರವೇ ಇರಲಿಲ್ಲ, ಇನ್ನೂ ಫೋನು ಬಂದಿರಲಿಲ್ಲ, ಲೋಕದಲ್ಲಿ ಯಾರೂ ಬಸ್ಸಿಂದ ಬಿದ್ದಿರಲಿಲ್ಲ, ಅವಳ ಇಡೀ ಆಯುಸ್ಸಿನಲ್ಲಿ ಅಷ್ಟು ನಿಧಾನವಾಗಿ ಅವಳು ಇನ್ನೇನನ್ನೂ ಬರೆದಿರಲಿಕ್ಕಿಲ್ಲ, ಅಂಕಿಗಳು ಅಚ್ಚು ಹಾಕಿದ ಹಾಗಿವೆ — ಆದರೆ ಬಾಯಿಗೆ ಬಂದದ್ದು ಆ ಮಾತು, ಬಂದ ಮೇಲೆ ಅದೇ ನಿಜವಾಯಿತು. ಸಾರ್ ಬಂದರು, ಕಂಡಿಯಲ್ಲಿ ಕಣ್ಣಿಟ್ಟರು, ಬಹಳ ಹೊತ್ತು ತೆಗೆಯಲಿಲ್ಲ, ಅವರ ಬೋಳುತಲೆಯ ಮೇಲೆ ದೀಪ ಹೊಳೆಯುತ್ತಿತ್ತು, ಇದು ಓಡ್ತಿದೆಯಲ್ರೀ ಅಂದರು, ಮೆಲ್ಲಗೆ, ಮಲಗಿದ ಮಗುವನ್ನು ನೋಡಿ ಹೇಳುವ ಹಾಗೆ, ಅಡ್ಡಡ್ಡ ಓಡೋದು ಗಾಜಿನಲ್ಲಿ ಕಾಣತ್ತೆ, ನಮ್ಮ ಕಡೆ ಬರ್ತಿದೆಯೋ ದೂರ ಹೋಗ್ತಿದೆಯೋ ಅನ್ನೋದನ್ನ ಅದರ ಬೆಳಕನ್ನ ಬಣ್ಣ ಬಣ್ಣವಾಗಿ ಸೀಳಿ ನೋಡಿದ್ರೆ ಮಾತ್ರ ಗೊತ್ತಾಗೋದು, ಅದಕ್ಕೆ ದೊಡ್ಡ ದೂರದರ್ಶಕ ಬೇಕು. ಬರೆದರು, ಅರ್ಜಿಯ ಮೇಲೆ ಅರ್ಜಿ, ಒಂದು ವರ್ಷ ಕಾದರು, ಮೂರೇ ಮೂರು ರಾತ್ರಿ ಕೊಟ್ಟರು, ಮುಂದಿನ ತಿಂಗಳು ಅವರಿಗೆ ನಿವೃತ್ತಿ. ಅರ್ಜಿಯಲ್ಲಿ ಅವರ ಹೆಸರಿನ ಪಕ್ಕ ಅವಳ ಹೆಸರನ್ನೂ ಹಾಕಿದ್ದರು, ಗಂಡ ಅದರ ಪ್ರತಿ ತೆಗೆದುಕೊಂಡು ಹೋಗಿ ಡಿಪೋದಲ್ಲಿ ಎಲ್ಲರಿಗೂ ತೋರಿಸಿದ, ಈಗ ಅವನು ಅಲ್ಲಿ ವಿಚಾರಣೆಯ ಕಿಟಕಿಯಲ್ಲಿ ಕೂರುತ್ತಾನೆ, ಮಂಡಿ ಮಡಚುವುದಿಲ್ಲ, ಬಸ್ಸು ಯಾವ ಕಡೆ ಹೋಗುತ್ತದೆ ಅಂತ ಕೇಳಿದವರಿಗೆಲ್ಲ ಹೇಳುತ್ತಾನೆ. ಸಾರ್ ಒಂದೇ ಒಂದು ಸಲ ಕೇಳಿದ್ದರು, ಸಹಿ ಹಾಕುವ ಮುಂಚೆ, ಪೆನ್ನು ಗಾಳಿಯಲ್ಲಿ ಹಿಡಿದು. ದಿಕ್ಕು ಸರಿಯಾಗಿದೆ ಅಲ್ವಾ. ಸರಿಯಾಗಿದೆ ಸಾರ್. ಅಷ್ಟೇ. ಎರಡನೇ ಸಲ ಕೇಳಲಿಲ್ಲ, ಕೇಳುವ ಮನುಷ್ಯರಲ್ಲ ಅವರು, ಎರಡನೇ ಸಲ ಕೇಳುವ ಮನುಷ್ಯರಾಗಿದ್ದರೆ ಎಷ್ಟು ಚೆನ್ನಾಗಿತ್ತು.

ಮೂರು ಗಂಟೆ ಹೊಡೆಯಿತು, ಇನ್ನೂ ಕುರ್ಚಿಯಲ್ಲೇ ಇದ್ದಾಳೆ. ಮೂರು ದಿನದ ಹಿಂದೆ ಅಳತೆಯ ಪುಸ್ತಕಗಳ ಧೂಳು ಒರೆಸುತ್ತಿದ್ದಳು, ಒರೆಸದಿದ್ದರೆ ಏನಾಗುತ್ತಿತ್ತು, ಯಾರೂ ಒರೆಸು ಅಂದಿರಲಿಲ್ಲ, ಆ ಪುಟ ತಾನಾಗಿ ಬಿಚ್ಚಿತು, ನೆಟ್ಟಗಿನ ಗೆರೆಯ ಕೆಳಗೆ ಅಚ್ಚಿನಂಥ ಎರಡು ಸಾಲು, ಪೂರ್ವಕ್ಕೆ, ಪೂರ್ವಕ್ಕೆ, ಆಗ ಹೊಳೆಯಿತು, ಹೊಳೆಯಿತು ಅನ್ನುವುದೂ ಸರಿಯಲ್ಲ, ಮೆಟ್ಟಿಲು ಇದೆ ಅಂತ ಕಾಲಿಟ್ಟಲ್ಲಿ ಮೆಟ್ಟಿಲು ಇರಲಿಲ್ಲ. ಆವತ್ತು ಬೆಳಿಗ್ಗೆ ಎಡಬಲ ತಪ್ಪಾಗಿ ಇಟ್ಟಿದ್ದರೆ ಎರಡು ಸುಳ್ಳು, ಹತ್ತು ನಿಜ. ಫೋನು ಬಂದ ಮೇಲೆ ಲಕೋಟೆ ತಪ್ಪಾಗಿ ಹಾಕಿದ್ದರೆ ಎರಡೇ ನಿಜ, ಹತ್ತಕ್ಕೆ ಹತ್ತೂ ಸುಳ್ಳು, ಹಳೇದು ಅಂತ ಗಟ್ಟಿಯಾಗಿ ಹೇಳಿ ಹೊಸದರ ಮೇಲೆ ಕೈ ಇಟ್ಟಿದ್ದಾಳೆ. ಎರಡರಲ್ಲಿ ಯಾವುದು. ಪ್ಲೇಟು ತೆಗೆದು ನೋಡಿದಳು, ಅಂಚಿನ ಹಳದಿ ನೋಡಿದಳು, ಎರಡೂ ಒಂದೇ ಹಳದಿ, ಅಥವಾ ಒಂದು ಕೂದಲೆಳೆ ಹೆಚ್ಚು, ಎಡಗಣ್ಣಿಗೆ ಒಂದು, ಬಲಗಣ್ಣಿಗೆ ಇನ್ನೊಂದು, ಮೂಸಿ ನೋಡಿದಳು, ಬುದ್ಧಿಗೆಟ್ಟವಳ ಹಾಗೆ ಗಾಜನ್ನು ಮೂಸಿದಳು. ದಿಕ್ಕು ಮೊದಲೇ ಗೊತ್ತಿರುವ ಇನ್ನೊಂದು ಚುಕ್ಕೆಯಾದರೂ ಜಿಗಿದಿದ್ದರೆ ಅದರ ಗುರುತು ಹಿಡಿದು ಕೇಳಬಹುದಿತ್ತು, ಜಿಗಿಯಲಿಲ್ಲ, ಆ ತುಂಡು ಆಕಾಶಕ್ಕೆ ಮೂರನೆಯ ಪ್ಲೇಟಿಲ್ಲ, ಕಪಾಟು ಕಪಾಟು ಹುಡುಕಿದಳು, ಇಲ್ಲ, ಇನ್ನು ಹೇಳಬಲ್ಲದ್ದು ಆಕಾಶ ಒಂದೇ. ಆವತ್ತೇ ಹೇಳಬೇಕಿತ್ತು. ಮೊದಲ ರಾತ್ರಿ ಶುರುವಾಗುವುದರಲ್ಲಿತ್ತು. ನಾಳೆ ಹೇಳಿದರಾಯಿತು ಅಂತ ಮನೆಗೆ ಹೋದಳು, ಮರುದಿನ ಸಾರ್ ಮುಖ ಸಣ್ಣದು ಮಾಡಿಕೊಂಡು ಬಂದು, ಮೋಡವಂತೆ ಅಂದರು, ರಾತ್ರಿಯಿಡೀ ಮೋಡ, ಏನೂ ಕಾಣ್ಲಿಲ್ಲವಂತೆ, ಅವಳು ಅಯ್ಯೋ ಅಂದಳು, ಅಯ್ಯೋ ಅಂದದ್ದು ಬಾಯಿ, ಒಳಗೆ ಏನೋ ಬಿಸಿಯಾಗಿ ಹಿತವಾಗಿ ಇಳಿಯಿತು, ಚಳಿಯಲ್ಲಿ ಬಿಸಿನೀರು ಸುರಿದುಕೊಂಡ ಹಾಗೆ, ಮೋಡ, ಎಂಥ ಒಳ್ಳೆಯ ಮಾತು ಅನ್ನಿಸಿತು, ಅವರ ಮುಖ ನೋಡುತ್ತಲೇ ಹಾಗನ್ನಿಸಿತು, ಎರಡನೇ ರಾತ್ರಿಗೂ ಮೋಡವೇ ಬರಲಿ ಅಂತ ಬೇಡಿಕೊಂಡಳು, ಯಾರನ್ನು ಬೇಡಿದಳೋ, ಬಂತು. ಎರಡು ರಾತ್ರಿ ಹೋಯಿತು. ಒಂದು ಉಳಿದಿದೆ. ಇವತ್ತು ಬೆಳಿಗ್ಗೆ ಹಾಲು ಕಾಯಲು ಇಟ್ಟು, ಗಂಡನ ಹಳೇ ಡ್ಯೂಟಿ ಚೀಟಿಯ ಹಿಂಬದಿಯಲ್ಲಿ ಲೆಕ್ಕ ಕಟ್ಟಿದಳು, ಪೂರ್ವಕ್ಕೆ ಹೋಗಿದ್ದರೆ ಇವತ್ತು ಎಲ್ಲಿರಬೇಕು, ಸಂಜೆ ಕಾಲೇಜಿನ ಮೇಷ್ಟ್ರು ಹೇಳಿಕೊಟ್ಟ ಹಾಗೆ ಒಂದೊಂದು ಮೆಟ್ಟಿಲೂ ಬಿಡದೆ, ಎರಡು ಸಲ, ಮೂರನೇ ಸಲಕ್ಕೆ ಹಾಲು ಉಕ್ಕಿತು. ಗಂಡ ಕುಂಟುತ್ತ ಬಂದು ಒಲೆ ಆರಿಸಿದ. ಏನಾಗಿದೆ ನಿಂಗೆ, ಮೂರು ದಿನದಿಂದ ಡಬ್ಬಿ ಎಲ್ಲಿಟ್ರೂ ಸುಮ್ನಿದೀಯ. ಏನಿಲ್ಲ. ಏನಿಲ್ಲ ಅಂದ್ರೆ ಏನೋ ಇದೆ. ತಪ್ಪು ಬಸ್ ಹತ್ತಿಸ್ಬಿಟ್ಟೆ ಅಂತ ಗೊತ್ತಾದ್ರೆ ನೀವೇನ್ ಮಾಡ್ತಿದ್ರಿ. ಮಾಡೋದೇನು, ಸೀಟಿ ಊದ್ತಿದ್ದೆ. ಬಸ್ ತುಂಬ ಜನ ಬೈತಾರಲ್ಲ. ಬೈಲಿ, ಬೈಸ್ಕೊಂಡು ಯಾವ ಕಂಡಕ್ಟ್ರೂ ಸತ್ತಿಲ್ಲ. ಹಾಗಂತ ಅಂದು, ಚೆಲ್ಲಿದ ಹಾಲು ಒರೆಸಲು ಬಾಗಲಾರದೆ, ಮಂಡಿ ಹಿಡಿದುಕೊಂಡು ನಿಂತೇ ಇದ್ದ.

ಸೀಟಿ ಊದಬೇಕು. ಮೂರೂ ಇಪ್ಪತ್ತು, ಎದ್ದಳು, ಎದ್ದದ್ದು ಕಾಲು, ಚೀಟಿ ಅಂಗೈಯ ಬೆವರಿಗೆ ಮೆತ್ತಗಾಗಿದೆ, ಒಂದು, ಎರಡು, ಮೂರು, ಕಾರಿಡಾರಿನ ಕಿಟಕಿಯಾಚೆ ಆಕಾಶ, ತೊಳೆದಿಟ್ಟ ಹಾಗೆ ನೀಲಿ, ಅಲ್ಲಿಯೂ ಹೀಗೇ ಇರಬಹುದು, ಮೋಡವಿಲ್ಲದೆ, ಹನ್ನೊಂದು, ಹನ್ನೆರಡು, ಬೀಳುತ್ತಿರುವುದು ತನ್ನ ಹೆಜ್ಜೆಯೇ ಅನ್ನುವುದು ಗೊತ್ತಿದ್ದರೂ ಹಿಂದೆ ತಿರುಗಿ ನೋಡಿದಳು, ಯಾರೂ ಇಲ್ಲ, ಹತ್ತೊಂಬತ್ತು, ಒಂದು ವೇಳೆ ಅಲ್ಲಿ, ಆ ತಪ್ಪು ಜಾಗದಲ್ಲಿ, ಯಾವುದೋ ಬೇರೆ ನಕ್ಷತ್ರ ಇದ್ದರೆ — ಇದು ಇಷ್ಟು ಹೊತ್ತು ಯಾಕೆ ಹೊಳೆಯಲಿಲ್ಲ, ಆಕಾಶದಲ್ಲಿ ನಕ್ಷತ್ರಕ್ಕೇನು ಬರ, ಯಾವುದೋ ಒಂದು ಸಾಧಾರಣದ್ದು, ಎಲ್ಲಿಗೂ ಹೋಗದ್ದು, ಅವಳು ಹೇಳಿದ ಜಾಗದಲ್ಲೇ ಕೂತಿದ್ದರೆ ಅವರು ಸಿಕ್ಕಿತು ಅನ್ನುತ್ತಾರೆ, ಅದರ ಬೆಳಕನ್ನು ಸೀಳುತ್ತಾರೆ, ಸಾರ್ ಕಣ್ಣೊರೆಸಿಕೊಳ್ಳುತ್ತಾರೆ, ಯಾರಿಗೂ ಯಾವತ್ತಿಗೂ ಗೊತ್ತಾಗುವುದಿಲ್ಲ, ಅವಳೊಬ್ಬಳಿಗೆ ಬಿಟ್ಟು, ಅವಳಿಗೂ ಗೊತ್ತಾಗುವುದಿಲ್ಲ, ಬಹುದು ಅನ್ನುವುದಷ್ಟೇ ಗೊತ್ತಿರುತ್ತದೆ. ಇಪ್ಪತ್ತಾರು. ಹೆಜ್ಜೆ ನಿಧಾನವಾಯಿತು. ಇಪ್ಪತ್ತೇಳು. ಮೂವತ್ತೊಂದು. ಬಾಗಿಲು ಅರ್ಧ ತೆರೆದಿತ್ತು, ಸಾರ್ ಫೋನಿನ ಮುಂದೆ ಕೂತಿದ್ದರು, ಗುಣಾಕಾರ ಕಿಟಕಿಯ ಕಟ್ಟೆಗೆ ಒರಗಿ ಬೂಟಿನ ದಾರ ನೋಡಿಕೊಳ್ಳುತ್ತಿದ್ದ, ಅವಳು ಕೈ ಎತ್ತಿದಳು, ಬಾಗಿಲಿಗೆ ಬೆರಳು ತಾಗಿತೋ ಇಲ್ಲವೋ, ಫೋನು ಹೊಡೆಯಿತು. ನಾಲ್ಕಾಗಿರಲಿಲ್ಲ. ಮೂರೂ ಇಪ್ಪತ್ತೆರಡು. ಹೇಳಿ, ಹಾಂ, ಹೇಳಿ, ಮೋಡ ಇಲ್ವಾ, ಸಂತೋಷ, ಸಂತೋಷ, ಅಂತ ಸಾರ್ ಅನ್ನುತ್ತಿದ್ದರು, ಇನ್ನೊಂದು ಕೈಯಲ್ಲಿ ಅವಳನ್ನು ಬನ್ನಿ ಬನ್ನಿ ಅಂತ ಕರೆದರು, ಆ ಕೈ ಅರ್ಧದಲ್ಲೇ ನಿಂತಿತು. ಏನೂ ಇಲ್ವಾ. ಇನ್ನೊಂದ್ಸಲ ನೋಡ್ತೀರಾ. ಸುತ್ತ ನೋಡಿದ್ರಾ. ಹೌದೇ. ಆ ಜಾಗದಲ್ಲಿ ಏನೂ ಇಲ್ಲ. ಕೋಣೆಯಲ್ಲಿ ಗೋಡೆ ಗಡಿಯಾರದ ಸದ್ದು, ಟಕ್, ಟಕ್, ಸಾರ್ ತಲೆ ಎತ್ತಿ ಅವಳನ್ನು ನೋಡಿದರು, ಸಿಟ್ಟಿನಿಂದಲ್ಲ, ವಿಳಾಸ ಮರೆತವರು ದಾರಿಯಲ್ಲಿ ಸಿಕ್ಕವರನ್ನು ನೋಡುತ್ತಾರಲ್ಲ, ಹಾಗೆ. ಸಾರ್, ತಿರುಗಿಸಿ ನೋಡಲಿ. ಯಾರು ಹೇಳಿದ್ದು, ಅವಳೇ. ಏನು ತಿರುಗಿಸೋದು. ದಿಕ್ಕು ಸಾರ್, ಹಿಂದಕ್ಕೆ, ಅದು ಪೂರ್ವಕ್ಕೆ ಹೋಗಿರ್ಬಹುದು, ಪ್ಲೇಟು ಅದಲುಬದಲಾಗಿರ್ಬಹುದು, ಆ ಎರಡು ಅಳತೆ ಆತುರದಲ್ಲಿ ತೆಗೆದಿದ್ದಲ್ಲ, ಇಲ್ಲಿದೆ ಸಾರ್, ಚೀಟಿ. ಗುಣಾಕಾರ ಚೀಟಿಗೆ ಕೈ ಚಾಚಿದ, ಬೆವರಿಗೆ ಅಂಕಿ ಕದಡಿತ್ತು, ಇದೇನು ಗಾಜಕ್ಕ, ಏಳೋ ಒಂದೋ ಅಂದ, ನೋಡುವ ಅಗತ್ಯ ಅವಳಿಗಿರಲಿಲ್ಲ, ಬಾಯಿಪಾಠವಾಗಿತ್ತು, ಒಂದೊಂದೇ ಅಂಕಿ ಹೇಳಿದಳು, ಅವಳು ಹೇಳಿದ್ದನ್ನು ಸಾರ್ ಫೋನಿಗೆ ಹೇಳಿದರು, ಯಾಕೆ ಅಂತ ಕೇಳಲಿಲ್ಲ, ಎರಡನೇ ಸಲವೂ ಕೇಳಲಿಲ್ಲ, ಹೌದು, ಹಿಂದಕ್ಕೆ, ಪೂರ್ವಕ್ಕೆ, ದಯವಿಟ್ಟು, ಬೆಳಗಾಗೋಕೆ ಇನ್ನೆಷ್ಟು ಹೊತ್ತಿದೆ, ನಲವತ್ತು ನಿಮಿಷವೇ, ದಯವಿಟ್ಟು.

ಕಾದರು. ಫೋನಿನೊಳಗೆ ಕಡಲು ಮೊರೆದ ಹಾಗೆ ಸದ್ದು, ಅಷ್ಟು ದೂರದ ಒಂದು ದೊಡ್ಡ ಕಬ್ಬಿಣ ಅವಳ ಮಾತಿಗೆ ತಿರುಗುತ್ತಿದೆ. ಆಮೇಲೆ ಸಾರ್, ಇದೆಯಾ ಅಂದರು. ಮಸುಕಾಗಿ. ಕೆಂಪಗಿದ್ದ ಹಾಗಿದೆ, ಹಾಗಂತೀರಾ, ಅದೇ ಅಂತ ಹೇಳ್ಬಹುದಾ, ಹಾಂ, ಅದು ಸರಿ, ಬೆಳಕು ಹಿಡಿದ ಮೇಲೇ, ಹಿಡೀರಿ, ಬೆಳಗಾಗೋವರೆಗೂ ಹಿಡೀರಿ, ನಾಳೆ ಹೇಳಿ, ನಾಳೆ ಎಷ್ಟು ಹೊತ್ತಿಗಾದ್ರೂ. ರಿಸೀವರು ಇಟ್ಟರು, ಎರಡು ಕೈಯಿಂದ ಇಟ್ಟರು. ಗುಣಾಕಾರ ಅವಳ ಮುಖ ನೋಡದೆ ಹೊರಗೆ ಹೋದ, ದಾರ ಬಿಚ್ಚಿದ ಬೂಟು ನೆಲಕ್ಕೆ ಬಡಿಯುತ್ತ ಹೋಯಿತು. ಯಾವಾಗಿಂದ ಗೊತ್ತಿತ್ತು. ಮೂರು ದಿನದಿಂದ ಸಾರ್. ಅವರು ತಲೆಯಾಡಿಸಿದರು, ಮೊನ್ನೆ ಮೋಡ ಇತ್ತು ಅಂದರು, ನಿನ್ನೇನೂ ಮೋಡ ಇತ್ತು, ಅದು ಕ್ಷಮೆಯೋ, ಲೆಕ್ಕವೋ, ಆಕಾಶದ ಬಗ್ಗೆ ಮಾತೋ. ಇವತ್ತು ಹೇಳೋಕೇ ಬರ್ತಿದ್ರಿ ಅಲ್ವಾ, ಬಾಗ್ಲ ಹತ್ರ ನಿಂತಿದ್ರಲ್ಲ. ಹೌದು ಸಾರ್. ಒಳ್ಳೇದಾಯ್ತು ಅಂದರು, ಹೋಗಿ, ಮನೆಗೆ ಹೋಗಿ ಅಂದರು. ಅವಳು ತಿರುಗಿದಳು, ಕ್ಷಮಿಸಿ ಸಾರ್ ಅನ್ನುವುದನ್ನು ಹೇಳಲೇ ಇಲ್ಲ, ಮೂರು ದಿನ ಕಲಿತದ್ದು, ಮೂವತ್ತೊಂದು ಹೆಜ್ಜೆ, ಬರುವಾಗಿನದಕ್ಕಿಂತ ಉದ್ದ, ಕೋಣೆಗೆ ಬಂದಳು, ಗೋಡೆಯ ಮೇಲೆ ಚುಕ್ಕೆ ಇತ್ತು, ಅಲ್ಲೇ ಇತ್ತು, ಅಥವಾ ಸ್ವಲ್ಪ ಆಚೆ. ನಾಳೆ ಅವರು ಹೇಳುತ್ತಾರೆ, ಅದೇ ನಕ್ಷತ್ರ ಅನ್ನುತ್ತಾರೆ ಅಥವಾ ಅಲ್ಲ ಅನ್ನುತ್ತಾರೆ, ನಮ್ಮ ಕಡೆ ಬರುತ್ತಿದೆ ಅಥವಾ ದೂರ ಹೋಗುತ್ತಿದೆ ಅನ್ನುತ್ತಾರೆ, ಅದು ಬೇರೆ, ಅದು ಗೊತ್ತಾಗುತ್ತದೆ. ಹೇಳೋಕೇ ಬರ್ತಿದ್ರಿ ಅಲ್ವಾ. ಬಾಗಿಲ ತನಕ ಬಂದದ್ದು ನಿಜ, ಕೈ ಎತ್ತಿದ್ದೂ ನಿಜ, ಆದರೆ ಫೋನಿನವರು ಏನೂ ಇಲ್ಲ ಅನ್ನುವ ಬದಲು ಇದೆ ಅಂದಿದ್ದರೆ, ನೀವು ಹೇಳಿದ ಕಡೆಯೇ ಒಂದು ಇದೆ ಅಂದಿದ್ದರೆ, ಸಾರ್ ಅವಳ ಕಡೆ ನೋಡಿ ನಕ್ಕಿದ್ದರೆ, ಅವಳು ಚೀಟಿ ಕೊಡುತ್ತಿದ್ದಳೇ, ಅಥವಾ ಅಂಗೈ ಮುಚ್ಚಿಕೊಂಡು ಅವಳೂ ನಗುತ್ತಿದ್ದಳೇ. ಹೆಜ್ಜೆ ನಿಧಾನವಾಗಿತ್ತಲ್ಲ, ಇಪ್ಪತ್ತಾರು, ಇಪ್ಪತ್ತೇಳು, ಯಾಕೆ ನಿಧಾನವಾಯಿತು. ಇದನ್ನು ಯಾವ ದೂರದರ್ಶಕವೂ ಹೇಳುವುದಿಲ್ಲ, ಎಲ್ಲೂ ಮೂರನೆಯ ಪ್ಲೇಟಿಲ್ಲ, ನೋಡಲು ಹೋದರೆ ಕಾಣುವುದು ಅದೊಂದೇ, ಮೇಜಿನ ಮೇಲೆ ರಿಸೀವರು, ಅಮ್ಮಾ ಅಮ್ಮಾ ಅನ್ನುವ ಸಣ್ಣ ದನಿ, ಬಾಯಿ ತೆರೆದ ಎರಡು ಲಕೋಟೆ, ಗಾಜು ಹಿಡಿದ ಅವಳ ಕೈ ಅವುಗಳ ಕಡೆಗೆ ಹೋಗುತ್ತಿದೆ, ಹೋಗುತ್ತಿದೆ, ಯಾವುದರ ಕಡೆಗೆ, ಅವಳಿಗೆ ಗೊತ್ತಿಲ್ಲ, ಕೈ ಗಾಳಿಯಲ್ಲಿ, ಎರಡು ಲಕೋಟೆ.